ಪಾಠ ಹೇಳಿದ ಟಿವಿ ಪರದೆ

ಟಿವಿ ಮುಂದೆ ಕೂತ ಮಗು ಕೆಡುತ್ತದೆ ಎಂಬುದು ಹಿರಿಯರ ಹಳೆಯ ದೂರು. ಆ ದೂರಿಗೆ ವಿಜ್ಞಾನದ ಬೆಂಬಲ ಸಿಕ್ಕಿದ್ದು 1963ರಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು, ಗಾಳಿ ತುಂಬಿದ ಗೊಂಬೆಯೊಂದನ್ನು ಥಳಿಸುವ ಚಿತ್ರವನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಿದರು. ಕಣ್ಣೆದುರೇ ಥಳಿತ ಕಂಡ ಮಕ್ಕಳಂತೆ, ಚಿತ್ರ ನೋಡಿದವರೂ ಗೊಂಬೆಯ ಮೇಲೆ ಕೈ ಮಾಡಿದರು.

ಕೆಟ್ಟದ್ದನ್ನು ಕಲಿಸಬಲ್ಲ ಪರದೆ ಒಳ್ಳೆಯದನ್ನೇಕೆ ಕಲಿಸಬಾರದು? ಆಟಿಸಂ ಇರುವವರ ಮಟ್ಟಿಗೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯಲು ಸುಮಾರು ಕಾಲು ಶತಮಾನ ಹಿಡಿಯಿತು.

ಬಾಲ್ಟಿಮೋರ್‌ನ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿ ಆಟಿಸಂ ಕಡೆಗೆ ವೈದ್ಯಲೋಕದ ಗಮನ ಸೆಳೆದಿದ್ದರು. ನಂತರದ ವರ್ಷಗಳಲ್ಲಿ ತಾಯಂದಿರು ಕ್ರೂರ ಆರೋಪವೊಂದನ್ನು ಹೊರಬೇಕಾಯಿತು: ತಾಯಿಯ ಮಮತೆ ಸಾಲದ್ದರಿಂದಲೇ ಮಗು ಹೀಗಾಯಿತು ಎಂದು! ಆಟಿಸಂ ಇರುವ ಮಗನ ತಂದೆಯೇ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪುಸ್ತಕ ಬರೆದು ಈ ವಾದವನ್ನು ಅಲ್ಲಗಳೆದರು. ಮೂಲವಿರುವುದು ತಾಯಿಯ ಮಡಿಲಲ್ಲಲ್ಲ, ಮಗುವಿನ ಮಿದುಳಿನಲ್ಲಿ ಎಂದರು. ದೂಷಣೆಗಿಂತ ಕಲಿಕೆ ಮುಖ್ಯ ಎಂಬ ಅರಿವು ಮೆಲ್ಲನೆ ಮೂಡಿತು.

ಎಂಬತ್ತರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಮನೆಮನೆಗೆ ಬಂತು. ಅಂಗಡಿಯಲ್ಲಿ ಸಾಮಾನು ಕೊಳ್ಳುವುದನ್ನು ಆಟಿಸಂ ಇರುವ ಯುವಕರಿಗೆ ಕ್ಯಾಸೆಟ್ ಮೂಲಕ ಕಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. 1989ರಲ್ಲಿ ಚಾರ್ಲೊಪ್ ಮತ್ತು ಮಿಲ್‌ಸ್ಟೀನ್ ಮೂವರು ಹುಡುಗರಿಗೆ, ಇಬ್ಬರು ಆಟಿಕೆಯ ಬಗ್ಗೆ ಮಾತಾಡುವ ದೃಶ್ಯ ತೋರಿಸಿದರು. ಹುಡುಗರು ಸಂಭಾಷಣೆ ಕಲಿತರು. ಅದನ್ನು ಬೇರೆ ವಿಷಯಕ್ಕೆ, ಅಪರಿಚಿತರೊಂದಿಗಿನ ಮಾತಿಗೂ ಒಗ್ಗಿಸಿಕೊಂಡರು. 15 ತಿಂಗಳಾದರೂ ಮರೆಯಲಿಲ್ಲ. 2000ದಲ್ಲಿ ಐವರು ಮಕ್ಕಳ ಮೇಲೆ ನಡೆದ ಹೋಲಿಕೆಯಲ್ಲಿ, ಎದುರು ನಿಂತು ಮಾಡಿ ತೋರಿಸುವುದಕ್ಕಿಂತ ವಿಡಿಯೊದಿಂದಲೇ ಕಲಿಕೆ ಬೇಗ ಆಯಿತು.

ಕಾರಣವೇನು? ಪರದೆ ಬೇಕಾದಷ್ಟನ್ನೇ ತೋರಿಸುತ್ತದೆ. ನೂರು ಸಲ ಹಾಕಿದರೂ ಬೇಸರಿಸದೆ, ದನಿ ಏರಿಸದೆ, ಅದನ್ನೇ ಹಾಗೆಯೇ ಹೇಳುತ್ತದೆ. ಎದುರಿನವರ ಮುಖ ನೋಡಲೇಬೇಕೆಂಬ ಒತ್ತಡವೂ ಇಲ್ಲ.

ಹಾಗೆಂದು ಇದು ಮಂತ್ರದಂಡವಲ್ಲ. ಈ ಅಧ್ಯಯನಗಳಲ್ಲಿದ್ದವರು ಬೆರಳೆಣಿಕೆಯ ಮಂದಿ. ಎಲ್ಲರೂ ಕಣ್ಣಿನಿಂದಲೇ ಕಲಿಯುವವರೂ ಅಲ್ಲ. ಏನನ್ನು ಕಲಿಸಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ತಮ್ಮನ್ನು ಬೇರೆಯವರಂತೆ ಕಾಣಿಸಲು ತಿದ್ದಬೇಡಿ ಎಂದು ಆಟಿಸಂ ಇರುವವರೇ ತೊಂಬತ್ತರ ದಶಕದಿಂದ ಹೇಳುತ್ತ ಬಂದಿದ್ದಾರೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನೂ ಒಳಗೊಂಡಿದೆ.

ಇಂದು ಕ್ಯಾಸೆಟ್ ಮೂಲೆ ಸೇರಿದೆ. ಹಲ್ಲುಜ್ಜುವುದನ್ನೋ, ಬಸ್ ಹತ್ತುವುದನ್ನೋ ತಾಯಿಯೇ ಮೊಬೈಲಿನಲ್ಲಿ ಚಿತ್ರಿಸಬಹುದು. ಒಂದು ಕಾಲಕ್ಕೆ ಅಪರಾಧಿ ಸ್ಥಾನದಲ್ಲಿ ನಿಂತಿದ್ದವಳು ಇಂದು ಪಾಠ ಸಿದ್ಧಪಡಿಸುವ ಗುರು.