‘ಬಿ’ ಅಂದರೆ ‘ಡಿ’ ಕೇಳಿಸಿತೇ? ಆಲ್ಫಾ, ಬ್ರಾವೊ ಹುಟ್ಟಿದ ಕಥೆ

ಫೋನಿನಲ್ಲಿ ನೀವು ‘ಬಿ’ ಅನ್ನುತ್ತೀರಿ, ಆ ಕಡೆಯವರು ‘ಡಿ’ ಎಂದು ಬರೆದುಕೊಳ್ಳುತ್ತಾರೆ. ಬಿ, ಸಿ, ಡಿ, ಜಿ, ಪಿ, ಟಿ, ವಿ ಎಲ್ಲವೂ ಮುಗಿಯುವುದು ‘ಈ’ ಎಂಬ ಒಂದೇ ದನಿಯಲ್ಲಿ. ಗದ್ದಲದಲ್ಲಿ ಮೊದಲ ಸದ್ದು ಮುಳುಗಿದರೆ ಉಳಿಯುವುದು ಬಾಲ ಮಾತ್ರ.

ಈ ತೊಂದರೆ ಹಳೆಯದು. ಬ್ರಿಟಿಷ್ ಸೇನೆಯ ಸಿಗ್ನಲ್ ಸಿಪಾಯಿಗಳು ಕಿವಿಗೆ ಮೋಸ ಮಾಡುವ ಕೆಲವು ಅಕ್ಷರಗಳಿಗೆ ಹೆಸರಿಟ್ಟುಕೊಂಡಿದ್ದರು. ‘ಎ’ಗೆ ಆಕ್, ‘ಎಂ’ಗೆ ಎಮ್ಮಾ, ‘ಪಿ’ಗೆ ಪಿಪ್, ‘ಟಿ’ಗೆ ಟಾಕ್. ಹಾಗಾಗಿ ಮೊದಲ ಮಹಾಯುದ್ಧದ ಕಾಲದಲ್ಲಿ ‘ಎಎಂ’ ಅನ್ನಲು ‘ಆಕ್ ಎಮ್ಮಾ’, ‘ಪಿಎಂ’ ಅನ್ನಲು ‘ಪಿಪ್ ಎಮ್ಮಾ’ ಎನ್ನುತ್ತಿದ್ದರು. 1941ರಲ್ಲಿ ಅಮೆರಿಕದ ಸೇನೆಗಳು ಏಬಲ್, ಬೇಕರ್, ಚಾರ್ಲಿ, ಡಾಗ್ ಎಂಬ ಪೂರ್ತಿ ಪಟ್ಟಿಯನ್ನೇ ತಂದವು.

ಆದರೆ ಇವು ಇಂಗ್ಲಿಷಿನವರಿಗೆ ಒಗ್ಗುವ ಪದಗಳು. ಯುದ್ಧ ಮುಗಿದು ದೇಶ ದೇಶಗಳ ನಡುವೆ ವಿಮಾನ ಸಂಚಾರ ಹೆಚ್ಚಿದಾಗ ಫ್ರೆಂಚ್, ಸ್ಪ್ಯಾನಿಷ್ ಆಡುವ ಪೈಲಟ್‌ಗಳಿಗೂ ಹೊಂದುವ ಪಟ್ಟಿ ಬೇಕಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗಾಗಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಭಾಷಾತಜ್ಞ ಜಾನ್ ಪಾಲ್ ವಿನೇ ಈ ಕೆಲಸಕ್ಕೆ ಕೂತರು. 1951ರಲ್ಲಿ ಹೊಸ ಪಟ್ಟಿ ಬಂತು. ಬಳಸಿದವರಿಂದ ದೂರೂ ಬಂತು: ನೆಕ್ಟರ್ ಅಂದರೆ ವಿಕ್ಟರ್ ಕೇಳಿಸುತ್ತದೆ, ಎಕ್ಸ್‌ಟ್ರಾ ಅಂದರೆ ಡೆಲ್ಟಾ ಕೇಳಿಸುತ್ತದೆ! ಮತ್ತೆ 31 ದೇಶಗಳವರ ಕಿವಿಯ ಮೇಲೆ ಪರೀಕ್ಷೆ ನಡೆಯಿತು. ಐದು ಪದ ಬದಲಾದವು. 1956ರ ಮಾರ್ಚ್ 1ರಿಂದ ಜಾರಿಗೆ ಬಂದ ಪಟ್ಟಿಯೇ ಇವತ್ತಿಗೂ ಇದೆ: ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ... ಅದರಲ್ಲಿ ‘ಐ’ ಅಂದರೆ ಇಂಡಿಯಾ. ಅಂಕಿಗಳಿಗೂ ಎಚ್ಚರಿಕೆ ಇದೆ. ಫೈವ್, ನೈನ್ ಒಂದೇ ಥರ ಕೇಳಿಸುತ್ತವೆಂದು ಒಂಬತ್ತಕ್ಕೆ ‘ನೈನರ್’ ಅನ್ನುತ್ತಾರೆ.

ಈ ಇತಿಹಾಸ ಹೇಳುವ ಪಾಠ ಒಂದೇ. ಪದ ಆರಿಸಬೇಕಾದದ್ದು ಹೇಳುವವನ ಬಾಯಿಗಲ್ಲ, ಕೇಳುವವನ ಕಿವಿಗೆ.

ನಮಗೂ ಇದು ಬೇಕು. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಬುಕ್‌ನಲ್ಲಿ ಇನ್ನೊಂದು ಆದರೆ ಬರಬೇಕಾದ ಹಣ ನಿಲ್ಲಬಹುದು, ತಾಲ್ಲೂಕಿಗೆ ಓಡಾಟ ತಪ್ಪದು. ಆಲ್ಫಾ, ಬ್ರಾವೊ ಬಾಯಿಪಾಠ ಮಾಡಬೇಕಿಲ್ಲ. ‘ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ’ ಅಂದರೆ ಸಾಕು. ಆದರೆ ‘ಪಿ ಫಾರ್ ಪೆನ್, ಟಿ ಫಾರ್ ಟೆನ್’ ಬೇಡ, ಮತ್ತೆ ಅದೇ ಗೊಂದಲ. ಪುಣೆ, ಟೈಗರ್ ಅನ್ನಿ. ಐಎಫ್‌ಎಸ್‌ಸಿ ಕೋಡ್‌ನ ಐದನೆಯದು ‘ಓ’ ಅಲ್ಲ, ಸೊನ್ನೆ. ಅದನ್ನು ‘ಸೊನ್ನೆ’ ಎಂದೇ ಹೇಳಿ. ಕೊನೆಗೆ, ಬರೆದುಕೊಂಡದ್ದನ್ನು ಒಮ್ಮೆ ಓದಿ ಹೇಳಿ ಎಂದು ಕೇಳಿ.