ವಿದ್ಯೆ ಮತ್ತು ವಿವೇಕ



ವಿದ್ಯೆ ಬೇರೆ, ವಿವೇಕ ಬೇರೆ. ವಿದ್ಯೆ ಗುರುವಿನಿಂದ, ಗ್ರಂಥದಿಂದ ಬರುತ್ತದೆ. ವಿವೇಕವಾದರೋ ಕಂಡ ಸತ್ಯಕ್ಕೆ ತಲೆಬಾಗುವ ಮನಸ್ಸಿನಲ್ಲಿ ಹುಟ್ಟುತ್ತದೆ. ಈ ಭೇದವನ್ನು ತಿಳಿಯಲು ಇತಿಹಾಸದ ಒಂದು ಘಟನೆಯನ್ನು ನಾವಿಂದು ನೆನೆಯೋಣ.

ಯುರೋಪಿನ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಯಾರ ಕೈಯಲ್ಲಿ ಬಾಣಂತಿಯರು ಹೆಚ್ಚು ಕ್ಷೇಮವಾಗಿದ್ದರೆಂದು ಕೇಳಿದರೆ, ಓದಿದ ವೈದ್ಯರ ಕೈಯಲ್ಲಿ ಎಂದೇ ನಾವೆಲ್ಲ ಹೇಳುತ್ತೇವೆ. ಸತ್ಯವು ಅದಕ್ಕೆ ವಿರುದ್ಧವಾಗಿತ್ತು. 1846ರಲ್ಲಿ ವೈದ್ಯರ ವಿಭಾಗದಲ್ಲಿ 4010 ಹೆರಿಗೆಗಳಾದವು. 459 ತಾಯಂದಿರು ಬಾಣಂತಿ ಜ್ವರ ಮೊದಲಾದವುಗಳಿಂದ ತೀರಿಕೊಂಡರು. ಸೂಲಗಿತ್ತಿಯರ ವಿಭಾಗದಲ್ಲಿ 3754 ಹೆರಿಗೆಗಳಿಗೆ ಸತ್ತವರು 105 ಮಂದಿ. ಬಡ ಹೆಂಗಸರು ತಮ್ಮನ್ನು ವೈದ್ಯರ ವಿಭಾಗಕ್ಕೆ ಕಳಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಶಾಸ್ತ್ರ ಓದದ ಆ ತಾಯಂದಿರಿಗೆ ಕಂಡದ್ದು ಶಾಸ್ತ್ರಜ್ಞರಿಗೆ ಕಾಣಲಿಲ್ಲ!

ಅಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಹಂಗೇರಿಯ ತರುಣ ವೈದ್ಯನಿದ್ದನು. ಈ ಸಾವುಗಳು ಅವನ ನಿದ್ರೆಯನ್ನು ಕೆಡಿಸಿದ್ದವು. 1847ರಲ್ಲಿ ಅವನ ಸ್ನೇಹಿತ ಕೊಲೆಚ್ಕಾ, ಶವಪರೀಕ್ಷೆಯ ವೇಳೆಯಲ್ಲಿ ಬೆರಳಿಗೆ ಚೂರಿ ತಾಗಿ ಗಾಯ ನಂಜಾಗಿ ಮಡಿದನು. ಬಾಣಂತಿಯರ ದೇಹದಲ್ಲಿ ಕಂಡ ವಿಕಾರಗಳೇ ಆ ಸ್ನೇಹಿತನ ದೇಹದಲ್ಲಿಯೂ ಕಂಡವು. ಸೆಮ್ಮೆಲ್ವೈಸನಿಗೆ ಸತ್ಯ ಹೊಳೆಯಿತು. ವೈದ್ಯರು ಹೆಣ ಕೊಯ್ದ ಕೈಯಿಂದಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಬ್ಲೀಚಿಂಗ್ ಪೌಡರಿನಂಥ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವನು ಕಟ್ಟುಮಾಡಿದನು. 1848ರಲ್ಲಿ ಅದೇ ವಿಭಾಗದಲ್ಲಿ 3556 ಹೆರಿಗೆಗಳಿಗೆ ಸತ್ತವರು 45 ಮಂದಿ ಮಾತ್ರ.

ಇಷ್ಟಾದರೂ ಅನೇಕ ದೊಡ್ಡ ವೈದ್ಯರು ಒಪ್ಪಲಿಲ್ಲ. ಕಾರಣ ಸಿದ್ಧಾಂತಕ್ಕೆ ಹೊಂದುವುದಿಲ್ಲವೆಂದರು. ಒಪ್ಪಿದರೆ, ಇಷ್ಟು ದಿನ ತಮ್ಮ ಕೈಯೇ ಸಾವನ್ನು ಹೊತ್ತು ತಂದಿತೆಂದು ಒಪ್ಪಬೇಕಾಗಿತ್ತು. ಅದು ಕಷ್ಟದ ಮಾತು. ಅವರಲ್ಲಿ ವಿದ್ಯೆ ಇತ್ತು, ವಿವೇಕ ಮಾಗಿರಲಿಲ್ಲ.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. ಸತ್ಯ ಕಂಡವನೂ ತಪ್ಪಿದನು. ತನ್ನ ಗ್ರಂಥವನ್ನು ಅವನು ಪ್ರಕಟಿಸಿದ್ದು 1861ರಲ್ಲಿ. ಒಪ್ಪದವರಿಗೆ ಬಹಿರಂಗ ಪತ್ರ ಬರೆದು ಅವರನ್ನು ಕೊಲೆಗಾರರೆಂದು ಜರೆದನು. ಬೈಗುಳದಿಂದ ಯಾರ ಕಣ್ಣೂ ತೆರೆಯಲಿಲ್ಲ. 1865ರಲ್ಲಿ, 47ನೆಯ ವಯಸ್ಸಿನಲ್ಲಿ, ಅವನು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡನು. ರೋಗಾಣುಗಳ ವಿಚಾರ ಮುಂದೆ ಸಿದ್ಧವಾದ ಮೇಲೆ ಜಗತ್ತು ಅವನಿಗೆ ಕೈ ಮುಗಿಯಿತು. ಆದರೆ ನಡುವೆ ಹೋದ ತಾಯಂದಿರು ತಿರುಗಿ ಬರಲಿಲ್ಲ.

ಇದು ವೈದ್ಯರ ಕಥೆಯಷ್ಟೇ ಅಲ್ಲ. ನಮ್ಮ ಮನೆಯ ಕಥೆ. ತಪ್ಪನ್ನು ಸೊಸೆ ತೋರಿಸಿದರೆ, ಹೊಲದ ಆಳು ತೋರಿಸಿದರೆ, ನಮಗೆ ತಪ್ಪು ಕಾಣುವುದಿಲ್ಲ, ತೋರಿಸಿದವರ ಸ್ಥಾನ ಕಾಣುತ್ತದೆ. ಕಾವಿ ಉಟ್ಟ ನಾವೂ ಇದಕ್ಕೆ ಹೊರತಲ್ಲ. ಇನ್ನು ನಾವೇ ಸರಿಯಿದ್ದಾಗ ನಮ್ಮ ನಾಲಿಗೆ ಚೂರಿಯಾಗುತ್ತದೆ. ಸತ್ಯವನ್ನು ಯಾರು ಹೇಳಿದರೂ ಕೇಳುವುದು ವಿವೇಕ. ಸತ್ಯವನ್ನು ಕೇಳುವಂತೆ ಹೇಳುವುದೂ ವಿವೇಕ.

ಪೂಜೆಗೆ ಮೊದಲು ನಾವು ದಿನವೂ ಕೈ ತೊಳೆಯುತ್ತೇವೆ. ‘ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ’ ಎಂದು ಯಾರಾದರೂ ಅಂದಾಗ ಸಿಟ್ಟಾಗದೆ ನೋಡಿಕೊಳ್ಳುವುದನ್ನೂ ಕಲಿಯೋಣ. ಅರಿವು ಆಚಾರಕ್ಕೆ ಇಳಿಯುವುದು ಅಲ್ಲಿಂದಲೇ.