ಭಜನೆ, ಗಾಯನ ಹಾಗೂ ವಾದ್ಯಗೋಷ್ಠಿಗಳಲ್ಲಿ ಗಾಳಿಯ ಮೂಲಕ ಹರಡುವ ಸೋಂಕು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಲಬುರಗಿ ನಗರ ಹಾಗೂ ಕಮಲಾಪುರ ಭಾಗದಲ್ಲಿ ಭಜನೆ, ವಚನ ಗಾಯನ, ತತ್ವಪದ ಮತ್ತು ಕವ್ವಾಲಿ ಕಾರ್ಯಕ್ರಮಗಳು ವರ್ಷವಿಡೀ ನಡೆಯುತ್ತವೆ. ನೆಹರು ಗಂಜ್‌ನಂತಹ ಜನನಿಬಿಡ ವ್ಯಾಪಾರ ಪ್ರದೇಶಗಳಲ್ಲಿ ಇವುಗಳನ್ನು ಇಕ್ಕಟ್ಟಾದ ಕೋಣೆ ಅಥವಾ ಮಹಡಿಯ ಸಭಾಂಗಣದಲ್ಲಿ ನಡೆಸಬೇಕಾದ ಸಂದರ್ಭಗಳು ಬರುತ್ತವೆ. ಕಾರ್ಯಕ್ರಮಗಳನ್ನು ನಿಲ್ಲಿಸದೆಯೇ, ಭಾಗವಹಿಸುವ ಹಿರಿಯರು, ಮಕ್ಕಳು ಮತ್ತು ರೋಗಿಗಳನ್ನು ಸೋಂಕಿನಿಂದ ರಕ್ಷಿಸುವ ವಿಧಾನಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ವೃಂದಗಾನ ತಂಡವೊಂದರ 61 ಜನರು ಸಭಾಂಗಣದಲ್ಲಿ ಸುಮಾರು ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಮಾತ್ರ ನೆಗಡಿಯಂತಹ ಲಕ್ಷಣಗಳಿದ್ದವು. ಆನಂತರ ತಂಡದಲ್ಲಿ 53 ಕೋವಿಡ್ ಪ್ರಕರಣಗಳನ್ನು ಗುರುತಿಸಲಾಯಿತು. ಇವುಗಳಲ್ಲಿ 33 ಪರೀಕ್ಷೆಯಿಂದ ದೃಢಪಟ್ಟವು, 20 ಸಂಭವನೀಯ ಪ್ರಕರಣಗಳು. ಇಬ್ಬರು ಮೃತಪಟ್ಟರು. ಅದೇ ಮಾರ್ಚ್ 10ರಂದು ಕಲಬುರಗಿಯ ಹಿರಿಯ ನಾಗರಿಕರೊಬ್ಬರು ನಿಧನರಾದರು; ಅದು ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವೆಂದು ಮಾರ್ಚ್ 12ರಂದು ದೃಢಪಟ್ಟಿತು.

ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿಯು 2023ರ ಮೇ 5ರಂದು ಕೊನೆಗೊಂಡಿದೆ. ಆದರೆ ಕ್ಷಯ, ದಡಾರ ಮತ್ತು ಫ್ಲೂ ರೋಗಗಳೂ ಗಾಳಿಯ ಮೂಲಕ ಹರಡಬಲ್ಲವಾದ್ದರಿಂದ ಎಚ್ಚರಿಕೆಯ ಅಗತ್ಯ ಮುಂದುವರಿದಿದೆ.

ಸೋಂಕು ಹರಡುವ ವಿಧಾನ

ಹಾಡುವಾಗ, ಮಾತನಾಡುವಾಗ ಮತ್ತು ಉಸಿರಾಡುವಾಗ ಕಣ್ಣಿಗೆ ಕಾಣದ ಸೂಕ್ಷ್ಮ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಬೇಗನೆ ನೆಲಕ್ಕೆ ಬೀಳುತ್ತವೆ. ಅತಿ ಸಣ್ಣವು ಹೊಗೆಯಂತೆ ಗಾಳಿಯಲ್ಲಿ ತೇಲಿ ಕೋಣೆಯನ್ನೆಲ್ಲ ವ್ಯಾಪಿಸುತ್ತವೆ. ದಡಾರ ರೋಗಿಯು ಹೊರಟುಹೋದ ಮೇಲೂ ಎರಡು ಗಂಟೆಯವರೆಗೆ ಅದರ ವೈರಾಣು ಆ ಗಾಳಿಯಲ್ಲಿ ಉಳಿಯಬಹುದು. ಆದುದರಿಂದ ಮುಚ್ಚಿದ ಕೋಣೆಯಲ್ಲಿ ದೂರ ಕುಳಿತ ಮಾತ್ರಕ್ಕೆ ಪೂರ್ಣ ರಕ್ಷಣೆ ದೊರೆಯುವುದಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಭಾಗವಹಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಮಟ್ಟದ ಧ್ವನಿಯಲ್ಲಿ ಹಾಡುವುದಕ್ಕೂ ಮಾತನಾಡುವುದಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ಅತಿ ಮೆಲ್ಲಗಿನ ಧ್ವನಿಗಿಂತ ಅತಿ ಗಟ್ಟಿಯಾದ ಧ್ವನಿಯಲ್ಲಿ ಹೊರಬೀಳುವ ಹನಿಗಳ ಪ್ರಮಾಣ 20ರಿಂದ 30 ಪಟ್ಟು ಹೆಚ್ಚು. ಅಪಾಯವು ಹಾಡಿನಲ್ಲಿಲ್ಲ, ಏರುದನಿ, ದೀರ್ಘ ಅವಧಿ ಮತ್ತು ಹೊರಹೋಗದ ಗಾಳಿ ಒಟ್ಟುಗೂಡಿದಾಗ ಅದು ಹೆಚ್ಚುತ್ತದೆ.

ಸಂಘಟಕರು ಪಾಲಿಸಬೇಕಾದ ಕ್ರಮಗಳು

1. ಸ್ಥಳ: ಸಾಧ್ಯವಾದಲ್ಲಿ ಅಂಗಳ, ದೇವಸ್ಥಾನದ ಪ್ರಾಂಗಣ ಅಥವಾ ಮಾಳಿಗೆಯ ಮೇಲೆ ಕಾರ್ಯಕ್ರಮ ನಡೆಸುವುದು. ಬೇಸಿಗೆಯಲ್ಲಿ ಮುಂಜಾನೆ ಅಥವಾ ಸಂಜೆಯ ವೇಳೆ ಸೂಕ್ತ.

2. ಗಾಳಿಯಾಟ: ಎದುರುಬದುರಿನ ಬಾಗಿಲು, ಕಿಟಕಿಗಳನ್ನು ತೆರೆದಿಡುವುದು. ಸಭಾಂಗಣಗಳಿಗೆ ಪ್ರತಿ ವ್ಯಕ್ತಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದೆ. ಹೊರಗಾಳಿ ಸೇರದ ಸಾಮಾನ್ಯ ಎ.ಸಿ. ಮತ್ತು ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ಸುತ್ತಿಸುತ್ತವೆ. ನಮ್ಮ ಭಾಗದಲ್ಲಿ ಬಳಕೆಯಲ್ಲಿರುವ ನೀರಿನ ಕೂಲರನ್ನು ಕಿಟಕಿಯ ಹೊರಬದಿಗೆ ಅಳವಡಿಸಿ, ಎದುರಿನ ಕಿಟಕಿ ತೆರೆದಿಟ್ಟಲ್ಲಿ ಹೊರಗಾಳಿ ಒಳಬಂದು ಕೋಣೆಯ ಗಾಳಿ ಹೊರಹೋಗುತ್ತದೆ.

3. ಧ್ವನಿ: ಮೈಕ್ ಬಳಸಿ ಮೆಲುದನಿಯಲ್ಲಿ ಹಾಡುವುದು. ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಕಡ್ಡಾಯ. ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆ ಮುಂತಾದ ವಿನಾಯಿತಿಗಳನ್ನು ಹೊರತುಪಡಿಸಿ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಅದರ ಬಳಕೆ ನಿಷಿದ್ಧ.

4. ಅವಧಿ: ಒಳಾಂಗಣದಲ್ಲಿ ಆಗಾಗ ವಿರಾಮ ನೀಡಿ, ಎಲ್ಲರೂ ಹೊರಬಂದು ಕೋಣೆಗೆ ಗಾಳಿಯಾಡಲು ಬಿಡುವುದು.

5. ಆಸನ: ಗಾಯಕರು ಎದುರುಬದುರಾಗಿ ಹತ್ತಿರ ಕೂರದೆ, ಒಂದೇ ದಿಕ್ಕಿಗೆ ಮುಖಮಾಡಿ ಅಂತರದಲ್ಲಿ ಕೂರುವುದು. ಹಿರಿಯರು ಹಾಗೂ ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಬಾಗಿಲ ಬಳಿ ಸ್ಥಳ ನೀಡುವುದು. ಅವರು ಎನ್-95 ಮುಖಗವಸು ಧರಿಸುವುದು ಉತ್ತಮ.

6. ವಾದ್ಯಗಳು: ಶಹನಾಯಿ, ಕೊಳಲು ಮುಂತಾದ ಊದುವ ವಾದ್ಯಗಳನ್ನು ಒಬ್ಬರಿಂದ ಮತ್ತೊಬ್ಬರು ಪಡೆದು ನುಡಿಸಬಾರದು. ಹಾರ್ಮೋನಿಯಂಗೆ ಕೈಯಿಂದ ಗಾಳಿ ತುಂಬಲಾಗುವುದರಿಂದ ಇಂತಹ ಅಪಾಯವಿಲ್ಲ.

7. ಜ್ವರ, ಕೆಮ್ಮು ಅಥವಾ ನೆಗಡಿ ಇರುವವರು ಅಂದು ಹಾಡಲು ಬಾರದಿರುವುದು. ಮುಖ್ಯ ಗಾಯಕರಾದಲ್ಲಿ ಬದಲಿ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳುವುದು.

ಎರಡು ವಾರ ಮೀರಿದ ಕೆಮ್ಮು

ಗಂಜ್‌ಗಳಲ್ಲಿ ಕಾಳು, ಬೇಳೆ ಮತ್ತು ಚೀಲಗಳ ಧೂಳಿನ ನಡುವೆ ಕೆಲಸ ಮಾಡುವವರು ಕೆಮ್ಮನ್ನು ಧೂಳಿನದೆಂದು ಕಡೆಗಣಿಸುವ ಸಾಧ್ಯತೆ ಇರುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ಇದ್ದಲ್ಲಿ, ಅಥವಾ ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ ಕಂಡುಬಂದಲ್ಲಿ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯರೋಗದ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ನೀಡುವ ನೆರವನ್ನು 2024ರ ನವೆಂಬರ್ 1ರಿಂದ ಮಾಸಿಕ ರೂ. 500ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಇದನ್ನು ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುತ್ತದೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕ್ಷಯರೋಗದ ಚಿಕಿತ್ಸೆ ಪಡೆಯುತ್ತಿರುವವರು ಪುನಃ ಭಜನೆಗೆ ಬರಬಹುದೇ?
ಉತ್ತರ: ಬರಬಹುದು. ಸೂಕ್ತ ಚಿಕಿತ್ಸೆ ಆರಂಭವಾದ ಮೇಲೆ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಯಾವಾಗಿನಿಂದ ಎಂಬುದನ್ನು ವೈದ್ಯರು ತಿಳಿಸುತ್ತಾರೆ. ಅವರನ್ನು ಮಂಡಳಿಯಿಂದ ದೂರವಿಡುವುದು ಸಲ್ಲದು. ಕಳಂಕದ ಭಯದಿಂದ ರೋಗವನ್ನು ಮುಚ್ಚಿಟ್ಟಲ್ಲಿ ಎಲ್ಲರಿಗೂ ಅಪಾಯ.

ಪ್ರಶ್ನೆ: ಮೈಕ್ ಮತ್ತು ಜಮಖಾನೆಗಳನ್ನು ಶುಚಿಗೊಳಿಸಿದರೆ ಸಾಲದೇ?
ಉತ್ತರ: ಶುಚಿತ್ವ ಒಳ್ಳೆಯದು. ಆದರೆ ಗಾಳಿಯಲ್ಲಿ ತೇಲುವ ಸೋಂಕಿಗೆ ಗಾಳಿಯಾಟವೇ ಮುಖ್ಯ ಪರಿಹಾರ.

ಪ್ರಶ್ನೆ: ಮಕ್ಕಳನ್ನು ಕರೆತರಬಹುದೇ?
ಉತ್ತರ: ಕರೆತರಬಹುದು. 9ರಿಂದ 12 ಹಾಗೂ 16ರಿಂದ 24 ತಿಂಗಳ ವಯಸ್ಸಿನಲ್ಲಿ ನೀಡಬೇಕಾದ ದಡಾರ-ರುಬೆಲ್ಲಾ ಲಸಿಕೆಯ ಎರಡೂ ಡೋಸ್ ಹಾಕಿಸಿರುವುದನ್ನು ಖಚಿತಪಡಿಸಿಕೊಳ್ಳುವುದು.

ಹೆಚ್ಚಿನ ಮಾಹಿತಿಗಾಗಿ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸುವುದು. ಕ್ಷಯರೋಗದ ರಾಷ್ಟ್ರೀಯ ಉಚಿತ ಸಹಾಯವಾಣಿ: 1800-11-6666. ಸಾರ್ವಜನಿಕರು ಹಾಗೂ ಭಜನಾ ಮಂಡಳಿಗಳು ಮೇಲಿನ ಕ್ರಮಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.